ತಲಿ ಮ್ಯಾಲ ತೂಗೂದಕ್ಕ ಎರಡು ಕಟ್ಟು ಇರಬೇಕು

ಅಕ್ಕಾರ, ವೈನಿಗೋಳ, ಬಾಜೂ ಮನಿ ತಂಗಿಗೋಳ,

ಹ್ವಾದ ವರ್ಷ ಆಷಾಢದಾಗ ನಮ್ಮ ಮನ್ಯಾಗ ಸ್ಪೀಕರ್ ಬಿತ್ತು ಅನ್ನೂದು ಓಣಿಗೆಲ್ಲಾ ಗೊತ್ತೈತಿ. ಒಬ್ಬೊಬ್ಬರು ಒಂದೊಂದು ನಮೂನಿ ಹೇಳಕೋತ ಹೊಂಟಾರ. ಅತ್ತಿಯವರ ತಲಿ ಒಡೀತು ಅಂತ ಕಲಘಟಗಿ ತನಕ ಸುದ್ದಿ ಹೋಗಿ, ಅಲ್ಲಿಂದ ನಮ್ಮ ಮಾವಶಿ ಅಳಕೋತ ಫೋನ್ ಮಾಡಿದ್ರು. ಹಂಗೇನೂ ಆಗಿಲ್ಲ. ಆದ್ರ ಆಗಬಹುದಿತ್ತು. ಅದಕ್ಕ ಇದನ್ನ ಬರೀಲಿಕ್ಕೆ ಕುಂತೀನಿ.

ಆದದ್ದು ಇಷ್ಟು. ದೀಪಾವಳಿಗೆ ನಮ್ಮ ಹುಡುಗ ಟಿವಿಗೆ ಸರೌಂಡ್ ಸೌಂಡ್ ಸೆಟ್ ತಂದಿದ್ದ. ಐದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿ. ಮುಂದಿನ ಮೂರು ಟಿವಿ ಹಂತೇಕ, ದೊಡ್ಡದು ಮೂಲ್ಯಾಗ. ಹಿಂದಿನ ಎರಡು ಎಲ್ಲೆ ಇಡೂದು? ಹಚ್ಚಾಕ ಬಂದ ಹುಡುಗ ಅವನ್ನ ಸ್ಲ್ಯಾಬಿಗೆ ಹಚ್ಚಿ, ಅರ್ಧಾ ತಾಸಿನ್ಯಾಗ ಕೆಲಸಾ ಮುಗಿಸಿ ಹ್ವಾದ. ಪ್ಲಾಸ್ಟಿಕ್ ಪ್ಲಗ್, ಒಂದೊಂದಕ್ಕ ಎರಡೆರಡು ಸಣ್ಣ ಸ್ಕ್ರೂ. ಒಂದು ಡಬ್ಬಿಯ ಸರೀ ಕೆಳಗ ಅತ್ತಿಯವರ ಮಂಚ.

ಎಂಟು ತಿಂಗಳು ಏನೂ ಆಗಲಿಲ್ಲ. ಆಷಾಢದಾಗ ನಮ್ಮೂರ ಮಳಿ ನಿಮಗ ಗೊತ್ತ ಐತಿ, ಹಿಡದ್ರ ವಾರಗಟ್ಟಲೆ ಬಿಡೂದಿಲ್ಲ. ಅಂಥಾದೊಂದು ರಾತ್ರಿ, ಸುಮಾರು ಎರಡು ಗಂಟೆಗೆ ಧಡ್ ಅಂತು. ಅತ್ತಿಯವರು ಆಗಷ್ಟ ಬಚ್ಚಲಕ್ಕ ಎದ್ದು ಹೋಗಿದ್ರು. ಡಬ್ಬಿ ಅವರ ತಲಿದಿಂಬಿನ ಮ್ಯಾಲ ಬಿದ್ದಿತ್ತು. ಒಂದೂವರಿ ಕಿಲೋ ತೂಕದ್ದು, ಹತ್ತು ಫೂಟಿನ ಮ್ಯಾಲಿಂದ. ಎಂಬತ್ತೊಂದು ವರ್ಷದ ತಲಿಗೆ ಅದು ಬಿದ್ದಿದ್ರ ಏನಾಗ್ತಿತ್ತು ಅಂತ ನಾ ಇವತ್ತಿಗೂ ಪೂರ್ತಿ ವಿಚಾರ ಮಾಡೂದಿಲ್ಲ. ಅರ್ಧಕ್ಕ ನಿಲ್ಲಸ್ತೀನಿ.

ಮರುದಿನದಿಂದ ಅತ್ತಿಯವರು ಹಾಸಗಿ ಎತ್ತಿಕೊಂಡು ಅಡಗಿ ಮನಿಗೆ ಹೋದ್ರು. ಸಿಟ್ಟೂ ಇಲ್ಲ, ಮಾತೂ ಇಲ್ಲ. ನಾ ಕರದ್ರ, "ಮ್ಯಾಲ ಏನೈತಿ ಅಂತ ನೋಡಕೋತ ಮಲಗಬೇಕಾತಂದ್ರ ಅದು ಮನಿ ಹೆಂಗಾತು?" ಅಂದ್ರು. ನಮ್ಮನಿಯವರು "ಎಲ್ಲಾ ಬಿಚ್ಚಿ ಅಟ್ಟಕ್ಕ ಒಗೀರಿ" ಅಂದ್ರು. ಹುಡುಗ ಫೋನಿನ್ಯಾಗ "ಅಂಗಡಿಯಿಂದ ಚಲೋ ಬ್ರ್ಯಾಕೆಟ್ ತರಸ್ತೀನಿ" ಅಂದ. ಮೂರೂ ಮಾತು ನನಗ ಪೂರ್ತಿ ಒಪ್ಪಿಗಿ ಆಗಲಿಲ್ಲ.

ನನ್ನ ಅಭಿಪ್ರಾಯ ಇದು. ಸ್ಪೀಕರ್ ಮ್ಯಾಲ ತೂಗಹಾಕೂದು ತಪ್ಪಲ್ಲ. ತೊಟ್ಟಿಲಾ ತೂಗಹಾಕಿದಂಗ ಹಾಕದ ಇದ್ದದ್ದು ತಪ್ಪು. ಮತ್ತ ಈ ಕೆಲಸದಾಗ ನಮ್ಮ ಮಾತು ನಡೀಬೇಕು, ಯಾಕಂದ್ರ ಮ್ಯಾಲಿಂದ ತೂಗಹಾಕೂ ವಿದ್ಯಾ ಈ ಮನಿಗೋಳೊಳಗ ಮೊದಲಿಂದಾನೂ ಹೆಂಗಸರ ಕೈಯಾಗ ಐತಿ.

ನಗಬ್ಯಾಡ್ರಿ. ನಿಮ್ಮ ನಿಮ್ಮ ಹಳೇ ಮನಿ ನೆನಪ ಮಾಡಿಕೋರಿ. ಅಡಗಿ ಮನ್ಯಾಗ ಜಂತಿಗೆ ನೆಲುವು ಇರತಿತ್ತು. ಬೆಕ್ಕಿಗೆ ಎಟಕಬಾರದು ಅಂತ ಹಾಲು, ಮೊಸರು, ಬೆಣ್ಣಿ ಎಲ್ಲಾ ಅದರಾಗ. ಗಡಗಿ ಮ್ಯಾಲ ಗಡಗಿ ಇಟ್ರೂ ಬೀಳತಿರಲಿಲ್ಲ. ಯಾಕ? ನೆಲುವಿನ್ಯಾಗ ಗಡಗಿ ಕುಂದರತಿತ್ತು, ಜೋತು ಬೀಳತಿರಲಿಲ್ಲ. ಹಗ್ಗ ಕೆಳಗಿಂದ ಸುತ್ತಿ ಹೊತ್ತುಕೊಂಡಿರತಿತ್ತು. ಗಡಗಿ ಕಂಠಕ್ಕ ಒಂದು ಮೊಳಿ ಹೊಡದು ತೂಗಹಾಕಿದವರನ್ನ ನೀವು ಕಂಡೀರೇನು? ನಮ್ಮ ಸ್ಪೀಕರಿಗೆ ಮಾಡಿದ್ದು ಅದನ್ನ. ಬೆನ್ನಿಗೆ ಎರಡು ಸ್ಕ್ರೂ ತಿರುವಿ ಜೋತು ಬಿಟ್ಟಿದ್ರು.

ತೊಟ್ಟಿಲದ್ದೂ ಹಂಗ. ತೊಲಿಗೆ ಕಬ್ಬಿಣದ ಕಡಿ, ಕಡಿಗೆ ಸರಪಳಿ. ಕೂಸಿನ್ನ ಹಾಕೂಕಿಂತ ಮೊದಲ ಕಲ್ಲಗುಂಡು ಇಟ್ಟು ತೂಗಿ ನೋಡೂದು. ಪಂಚಮಿ ಜೋಕಾಲಿ ಕಟ್ಟಿದ ಮ್ಯಾಲ ಮೊದಲ ಯಾರು ಏರೂದು? ಹುಡಿಗ್ಯಾರಲ್ಲ. ದಪ್ಪನ್ನ ಗಂಡಸೊಬ್ಬ ಹಗ್ಗಕ್ಕ ಜೋತು ಬಿದ್ದು ಜಗ್ಗಿ ನೋಡಬೇಕು, ಆಮ್ಯಾಲ ನಾವು. ಸುಮ್ಮನ ನಿಂತ ಭಾರ ಬ್ಯಾರೆ, ಅಳಗ್ಯಾಡೂ ಭಾರ ಬ್ಯಾರೆ ಅನ್ನೂದು ಸಾಲಿಗೆ ಹೋಗದ ಇದ್ದ ನಮ್ಮ ಅಜ್ಜಿಗೂ ಗೊತ್ತಿತ್ತು. ಸ್ಪೀಕರ್ ಸುಮ್ಮನ ಕುಂತಂಗ ಕಂಡ್ರೂ ಸುಮ್ಮನ ಇರೂದಿಲ್ಲ. ಸಿನಿಮಾದಾಗ ಡೊಳ್ಳು ಬಡದಾಗೆಲ್ಲಾ ಒಳಗ ನಡಗತೈತಿ, ಮೂಲ್ಯಾಗಿನ ದೊಡ್ಡ ಡಬ್ಬಿ ಗೋಡೀನೂ ನಡಗಸತೈತಿ. ಆ ನಡಗಿನ್ಯಾಗ ಸ್ಕ್ರೂ ಕೂದಲೆಳಿಯಷ್ಟು ಕೂದಲೆಳಿಯಷ್ಟು ಸಡಲಾಗತೈತಿ.

ಬಿದ್ದ ತೂತನ್ನ ನಮ್ಮ ಓಣಿ ಬಡಿಗ್ಯಾರ ಕಾಕಾ ಬಂದು ನೋಡಿದ್ರು. ಪ್ಲಗ್ಗು ಗಿಲಾವಿನ್ಯಾಗ ಅರ್ಧಾ, ಕಾಂಕ್ರೀಟಿನ್ಯಾಗ ಚೂರು ಅಷ್ಟ ಹೋಗಿತ್ತು. ಸ್ಲ್ಯಾಬಿನ ಕೆಳಗಿನ ಗಿಲಾವು ಸುಮಾರು ಕಾಲ ಇಂಚು ದಪ್ಪ, ಅದು ಮಾರಿಗೆ ಹಚ್ಚಿದ ಪೌಡರ್ ಇದ್ದಂಗ, ಭಾರ ಹೊರೂದಿಲ್ಲ. ಮತ್ತೊಂದು ಮಾತು ಕಾಕಾ ಹೇಳಿದ್ರು, ಅದನ್ನ ಗಂಟ ಹಾಕಿಕೋರಿ. ಗೋಡಿಗೆ ಹೊಡದ ಸ್ಕ್ರೂ ಅಡ್ಡ ಭಾರ ಹೊರತೈತಿ, ಪ್ಲಗ್ಗು ಸ್ವಲ್ಪ ಸಡಲಾದ್ರೂ ತಡೀತೈತಿ. ಛತ್ತಿಗೆ ಹೊಡದ ಸ್ಕ್ರೂನ್ನ ಭಾರ ಸೀದಾ ಕೆಳಗ ಜಗ್ಗತೈತಿ, ಬಾಟಲಿ ಬೂಚು ಜಗ್ಗಿದಂಗ. ಅದಕ್ಕ ಗೋಡಿಗೆ ನಡೀತು ಅಂತ ಪ್ಲಾಸ್ಟಿಕ್ ಪ್ಲಗ್ಗು ಛತ್ತಿಗೆ ನಡಿಯೂದಿಲ್ಲ.

"ಹಂಗಾರ ಸ್ಟ್ಯಾಂಡ್ ಮ್ಯಾಲ, ನೆಲದ ಮ್ಯಾಲ ಯಾಕ ಇಡಬಾರದು?" ಅಂತ ವೈನಿ ಕೇಳಿದ್ರು. ನ್ಯಾಯದ ಮಾತು. ಖರೇ ಹೇಳಬೇಕಂದ್ರ ಇಂಥಾ ಐದು ಡಬ್ಬಿ ಸೆಟ್ಟಿಗೆ ಹಿಂದಿನ ಸ್ಪೀಕರ್ ಕುಂತವರ ಕಿವಿಗಿಂತ ಒಂದೆರಡು ಫೂಟು ಮ್ಯಾಲ ಇದ್ರ ಸಾಕು, ಛತ್ತ ಬೇಕಂತಿಲ್ಲ. ನೆತ್ತಿ ಮ್ಯಾಲಿಂದ ಸಪ್ಪಳ ಬರಬೇಕು ಅನ್ನೂದು ಡಾಲ್ಬಿ ಅಟ್ಮಾಸ್ ಅನ್ನೂ ಬ್ಯಾರೆ ಪದ್ಧತಿ. 2012ರಾಗ ಥೇಟರಿಗೆ ಬಂತು, ಆಮ್ಯಾಲ ಮನಿಗೆ. ಮಳಿ, ವಿಮಾನ ಮ್ಯಾಲಿಂದ ಕೇಳಲಿ ಅಂತ ಅದನ್ನ ಮಾಡ್ಯಾರ. ಅಳ್ನಾವರದವರಿಗೆ ಮ್ಯಾಲಿಂದ ಮಳಿ ಸಪ್ಪಳ ರೊಕ್ಕ ಕೊಟ್ಟು ತರೂದು ಬೇಕಾಗಿಲ್ಲ, ನಾಕು ತಿಂಗಳು ಪುಗಸಟ್ಟೆ ಬರತೈತಿ.

ಆದ್ರೂ ನಾ ಛತ್ತನ್ನ ಆರಿಸಿದೆ. ಸ್ಟ್ಯಾಂಡ್ ಇಟ್ರ ವಾಯರ್ ನೆಲದ ಮ್ಯಾಲ ಬರತೈತಿ. ಕೋಲು ಹಿಡದು ನಡಿಯೂ ಅತ್ತಿ, ಅಂಬೆಗಾಲಿಡೂ ಮೊಮ್ಮಗಳು, ದಿನಾ ಎರಡು ಹೊತ್ತು ಕಸಬರಗಿ. ವಯಸ್ಸಾದವರು ವಾಯರ್ ತೊಡರಿ ಬಿದ್ದು ತೊಡಿ ಎಲುಬು ಮುರಕೊಂಡ್ರ ಅದು ಡಬ್ಬಿ ಬಿದ್ದದ್ದಕ್ಕಿಂತ ಸಣ್ಣ ಅಪಾಯ ಅಲ್ಲ. ಹಿಂದಿನ ಗೋಡಿಯೊಳಗ ಒಂದು ಕಡೆ ಬಾಗಲಾ, ಒಂದು ಕಡೆ ಕಿಡಕಿ. ಹಿಂಗಾಗಿ ಮ್ಯಾಲ ಹೋಗೂದ ಗತಿ.

ಅಂಗಡಿ ಬ್ರ್ಯಾಕೆಟ್ ಯಾಕ ಬ್ಯಾಡ ಅಂದೆ? ಬ್ರ್ಯಾಕೆಟ್ ಕೆಟ್ಟದ್ದಂತ ಅಲ್ಲ. ಅದೂ ಎರಡ ತೂತಿನ ಮ್ಯಾಲ ನಿಲ್ಲೂದು, ಅದನ್ನೂ ಯಾರೋ ಅವಸರದಾಗ ಹಚ್ಚೂದು. ನನಗ ಬೇಕಾಗಿದ್ದು ಅತ್ತಿಯವರು ಕೈಲೆ ಮುಟ್ಟಿ, ಕಣ್ಣಲೆ ನೋಡಿ, ಹೌದು ಇದು ಬೀಳೂದಿಲ್ಲ ಅನ್ನೂವಂಥಾದ್ದು.

ಕಾಕಾ ಮತ್ತ ನಾ ಕುಂತು ಮಾಡಿದ್ದು ಹೇಳತೀನಿ, ಬೇಕಾದವರು ಮಾಡಿಕೋರಿ.

ಹಳೇ ಮನಿ ಮಾಡಿಗೆ ಜಂತಿ ಇರತಾವು. ಸ್ಲ್ಯಾಬಿಗೆ ಇಲ್ಲ. ಅದಕ್ಕ ಸ್ಲ್ಯಾಬಿಗೊಂದು ಜಂತಿ ಕೊಟ್ವಿ. ಹಳಿಯಾಳ, ದಾಂಡೇಲಿ ಕಾಡಿನ ಬಾಜೂಕ ಇರೂ ನಮ್ಮೂರಾಗ ಅಟ್ಟದ ಮ್ಯಾಲ ಒಂದು ಹಳೇ ಸಾಗವಾನಿ ಪಟ್ಟಿ ಇರದ ಮನಿ ಕಡಿಮಿ. ನಮ್ಮ ಹಳೇ ಬಾಗಲ ಚೌಕಟ್ಟಿನ ಪಟ್ಟಿ ಒಂಬತ್ತು ಫೂಟು ಉದ್ದ, ನಾಕು ಇಂಚು ಅಗಲ, ಒಂದೂವರಿ ಇಂಚು ದಪ್ಪ. ಅದರದ ತೂಕ ಆರೇಳು ಕಿಲೋ, ಅದನ್ನೂ ಲೆಕ್ಕದಾಗ ಹಿಡೀಬೇಕು. ಇದನ್ನ ಕುರ್ಚಿ ಸಾಲಿನ ಹಿಂದ ಒಂದೂವರಿ ಫೂಟು ಬಿಟ್ಟು ಅಡ್ಡ ಹಚ್ಚಿದ್ವಿ, ಐದು ಕಬ್ಬಿಣದ ಆ್ಯಂಕರ್ ಬೋಲ್ಟಿನ ಮ್ಯಾಲ. ನಟ್ಟು ಬಿಗಿ ಮಾಡಿದಂಗ ಒಳಗ ಅಗಲ ಆಗಿ ಕಾಂಕ್ರೀಟನ್ನ ಕಚ್ಚಿ ಹಿಡಿಯೂ ಬೋಲ್ಟು ಇವು. ಗಿಲಾವು ದಾಟಿ ಕಾಂಕ್ರೀಟಿನ್ಯಾಗ ಎರಡು ಇಂಚರ ಹೋಗಬೇಕು. ಐದರಾಗ ಒಂದು ಕೈ ಕೊಟ್ರೂ ನಾಕು ಹಿಡೀತಾವು. ಎರಡು ಸ್ಕ್ರೂದಾಗ ಒಂದು ಕೈ ಕೊಟ್ರ ಏನು ಉಳೀತು?

ತೂತು ಹಾಕೂಕಿಂತ ಮೊದಲ ಮೇನ್ ಬಂದ್ ಮಾಡಿ, ಬ್ಯಾರೆ ಮನಿಯಿಂದ ಕರೆಂಟ್ ತಗೊಂಡು ಡ್ರಿಲ್ ಹಚ್ಚಿದ್ವಿ. ಸ್ಲ್ಯಾಬಿನೊಳಗ ಫ್ಯಾನಿನ ವಾಯರ್ ಪೈಪು ಇರತೈತಿ. ಫ್ಯಾನಿನಿಂದ ಸ್ವಿಚ್ ಬೋರ್ಡಿನ ಕಡೆ ಹೋಗೂ ದಾರಿ ಬಿಟ್ಟು ದೂರ ಹಾಕಬೇಕು. ಡ್ರಿಲ್ಲು ಕಬ್ಬಿಣದ ಸಳಿಗೆ ಬಡದು ಮುಂದ ಹೋಗದ ಇದ್ರ ಜಬರದಸ್ತಿ ಮಾಡಬಾರದು, ಒಂದೆರಡು ಇಂಚು ಸರಿಸಿ ಮತ್ತೊಂದು ತೂತು. ಕಣ್ಣಿಗೆ ಚಷ್ಮಾ, ಮೂಗಿಗೆ ಅರಿವಿ. ಪಿಒಪಿ ಛತ್ತ ಇದ್ದವರು ಅದಕ್ಕ ಏನೂ ತೂಗಹಾಕಬ್ಯಾಡ್ರಿ. ಅದು ತನ್ನ ಭಾರ ತಾನ ಹೊತ್ತರ ಸಾಕು.

ಪಟ್ಟಿಯಿಂದ ಕೆಳಗ ಇಳಸಾಕ ಎರಡು ಹಳೇ ಫ್ಯಾನಿನ ರಾಡು ತಗೊಂಡ್ವಿ. ಮೋಟರ್ ಸುಟ್ಟ ಫ್ಯಾನು ಗುಜರಿಗೆ ಹಾಕೂ ಮುಂದ ರಾಡು, ಬಟ್ಟಲಾ ತಗದು ಇಟ್ಟುಕೋರಿ. ನಾಕು ಕಿಲೋ ಫ್ಯಾನು ಗರಗರ ತಿರಗಿದ್ರೂ ವರ್ಷಗಟ್ಟಲೆ ಹೊತ್ತ ರಾಡದು, ಒಂದೂವರಿ ಕಿಲೋ ಡಬ್ಬಿ ಅದಕ್ಕ ಏನೂ ಅಲ್ಲ. ಅದರ ಬೋಲ್ಟಿಗೆ ನಟ್ಟಿನ ಹೊರಗ ಒಂದು ಪಿನ್ನು ಇರತೈತಿ, ಕಾಲು ಅಗಲ ಮಾಡಿ ಮಡಚೂದು. ನಟ್ಟು ಸಡಲಾದ್ರೂ ಬೋಲ್ಟು ಜಾರಬಾರದು ಅಂತ ಆ ಪಿನ್ನು. ಅದನ್ನ ಮರೀಬ್ಯಾಡ್ರಿ. ರಾಡು ಹಿಡಿಯೂ ಬೋಲ್ಟನ್ನ ಪಟ್ಟಿಯ ಆರಪಾರ ತೂರಿಸಿ ಮ್ಯಾಲ ದೊಡ್ಡ ವಾಶರ್ ಹಾಕಿದ್ವಿ. ಇದನ್ನ ಪಟ್ಟಿ ಏರಸೂಕಿಂತ ಮೊದಲ ಮಾಡಬೇಕು, ಆಮ್ಯಾಲ ಕೈ ಹೋಗೂದಿಲ್ಲ.

ರಾಡಿನ ತುದಿಗೆ ಪ್ಲಾಯ್‌ವುಡ್ಡಿನ ನೆಲುವು. ಮುಕ್ಕಾಲ ಇಂಚು ಪ್ಲಾಯಿ, ತಳ, ಎರಡು ಬಾಜೂ, ಮುಂದ ಒಂದು ಇಂಚಿನ ತಡಿ, ಡಬ್ಬಿ ಮುಂದಕ್ಕ ಜಾರಬಾರದಂತ. ಎರಡೂ ಬಾಜೂದ ಮ್ಯಾಲ ಒಂದು ಅಡ್ಡ ಕಟಗಿ, ಆ ಕಟಗಿಗೆ ರಾಡಿನ ಬೋಲ್ಟು. ಒಂದ ಬೋಲ್ಟು ಇರೂದ್ರಿಂದ ನೆಲುವನ್ನ ಬೇಕಾದಷ್ಟು ಮುಂದಕ್ಕ ಬಗ್ಗಿಸಿ ಬಿಗಿ ಮಾಡಬಹುದು. ಎಷ್ಟು ಬಗ್ಗಿಸೂದು? ಡಬ್ಬಿ ಮಾರಿ ಕುಂತವರ ಕಿವಿ ಕಡೆ ಇರಬೇಕು. ನಮ್ಮಲ್ಲೆ ಡಬ್ಬಿ ನೆಲದಿಂದ ಎಂಟೂವರಿ ಫೂಟಿನ ಮ್ಯಾಲ, ಕುಂತವರ ಕಿವಿ ಮೂರೂವರಿಗೆ. ಐದು ಫೂಟು ಇಳಿಜಾರು, ಅಡ್ಡ ಸುಮಾರು ನಾಕೂಕಾಲ ಫೂಟು. ಚೌಕ ಕಾಗದಾನ ಮೂಲಿಯಿಂದ ಮೂಲಿಗೆ ಮಡಚಿದ್ರ ಬರೂ ಓರೆ ಹಿಡದು, ಅದಕ್ಕಿಂತ ಚೂರು ಹೆಚ್ಚಿಗಿ ಕೆಳಗ ಬಗ್ಗಿಸಿದ್ವಿ.

ಡಬ್ಬಿ ಕೆಳಗ ಹಳೇ ಹವಾಯಿ ಚಪ್ಪಲಿ ಕೊಯ್ದು ನಾಕು ತುಂಡು ಇಟ್ವಿ. ಇಲ್ಲಂದ್ರ ಕಟಗಿ ಡರ್ ಅಂತ ನಡಗಿ, ಹಾಡಿನ್ಯಾಗ ದುಂಬಿ ಸೇರಿದಂಗ ಆಗತೈತಿ. ಮ್ಯಾಲ ನವಾರಪಟ್ಟಿ ಸುತ್ತಿ ಬಿಗದು ಕಟ್ಟಿದೆ. ಅದು ನನ್ನ ಕೈಕೆಲಸ, ಎರಡು ಸಾಲು ಹೊಲಿಗಿ ಹಾಕೀನಿ. ಡಬ್ಬಿ ಬೆನ್ನಿಗೆ ಗಾಳಿ ತೂತಿದ್ರ ಅದನ್ನ ಮುಚ್ಚಬಾರದು.

ಈಗ ಎರಡನೇ ಕಟ್ಟು. ಇಡೀ ಬರಹದಾಗ ಇದೊಂದು ನೆನಪಿಟ್ಟರೂ ಸಾಕು. ಪ್ರತಿ ನೆಲುವಿಗೂ ಒಂದು ಉಕ್ಕಿನ ತಂತಿ, ಪಟ್ಟಿಗಲ್ಲ, ಸೀದಾ ಸ್ಲ್ಯಾಬಿಗೆ ಬ್ಯಾರೆ ಬೋಲ್ಟು ಹಾಕಿ ಕಟ್ಟಿದ್ವಿ. ಅದು ಸ್ವಲ್ಪ ಸಡಲ ಇರತೈತಿ, ದಿನಾ ಭಾರ ಹೊರೂದಿಲ್ಲ. ಪಟ್ಟಿ, ರಾಡು, ಬೋಲ್ಟು ಯಾವುದು ಕೈ ಕೊಟ್ರೂ ಡಬ್ಬಿ ನಾಕು ಇಂಚು ಇಳದು ಅಲ್ಲೇ ನಿಲ್ಲಬೇಕು. ನಾಟಕ, ಸಿನಿಮಾದವರು ಮ್ಯಾಲ ಕಟ್ಟೂ ದೊಡ್ಡ ಲೈಟಿಗೆಲ್ಲಾ ಇಂಥಾ ಎರಡನೇ ತಂತಿ ಹಾಕತಾರ. ನಟರ ತಲಿಗೆ ಇರೂ ಕಿಮ್ಮತ್ತು ನಮ್ಮ ಅತ್ತಿ ತಲಿಗೂ ಐತಿ.

ಡಬ್ಬಿ ಏರಸೂಕಿಂತ ಮೊದಲ ಐದು ಲೀಟರ್ ಎಣ್ಣಿ ಕ್ಯಾನಿಗೆ ನೀರು ತುಂಬಿ ಒಂದೊಂದು ನೆಲುವಿನ್ಯಾಗ ಇಟ್ವಿ. ಐದು ಲೀಟರ್ ನೀರು ಅಂದ್ರ ಐದು ಕಿಲೋ, ಡಬ್ಬಿಯ ಮೂರು ಪಟ್ಟಿಗಿಂತ ಹೆಚ್ಚು. ಬೋಲ್ಟಿನ ಬಾಜೂಕ ಪೆನ್ಸಿಲ್ ಗೆರಿ ಹೊಡದು, ಕೆಳಗ ಯಾರೂ ಹೋಗದಂಗ ಕುರ್ಚಿ ಅಡ್ಡ ಇಟ್ಟು, ರಾತ್ರಿಯಿಡೀ ಬಿಟ್ವಿ. ಮುಂಜಾನೆ ಗೆರಿ ಗೆರಿಯ ಜಾಗಾದಾಗ ಇತ್ತು. ಕಾಕಾ ಕೈಲೆ ಹಿಡದು ಜಗ್ಗಿ ನೋಡಿದ್ರು. ಆಮ್ಯಾಲ ಡಬ್ಬಿ ಏರಿತು.

ಹಂಚಿನ ಮನಿ ಇದ್ದವರಿಗೆ ಇಷ್ಟು ರಾಮಾಯಣ ಇಲ್ಲ, ಜಂತಿ ಐತಿ. ಆದ್ರ ಜಂತಿಯ ಕೆಳಮೈಗೆ ಸ್ಕ್ರೂ ಹೊಡೀಬ್ಯಾಡ್ರಿ, ಬಾಜೂಕ ಅಡ್ಡ ಹೊಡೀರಿ. ಅಡ್ಡ ಸ್ಕ್ರೂ ಭಾರ ಚಲೋ ಹೊರತೈತಿ. ಮೊದಲ ಸಣ್ಣ ತೂತು ಮಾಡಿ, ಸ್ಕ್ರೂಗೆ ಅರಿವಿ ಸಾಬಾನು ತಿಕ್ಕಿ ತಿರುವಿದ್ರ ಹಳೇ ಸಾಗವಾನಿ ಸೀಳೂದಿಲ್ಲ. ಗೆದ್ದಲು ಹತ್ತಿದ ಜಂತಿ ಇದ್ರ ಸ್ಕ್ರೂಡ್ರೈವರ್ ಚುಚ್ಚಿ ನೋಡ್ರಿ. ಮೆತ್ತಗ ಒಳಗ ಹೋತಂದ್ರ ಸ್ಪೀಕರಿನ ಮಾತು ಬಿಟ್ಟು ಮೊದಲ ಮಾಡಿನ ಚಿಂತಿ ಮಾಡ್ರಿ.

ಇನ್ನ ಒಂದು ತಪ್ಪು ತಿಳವಳಿಕಿ. ನಮ್ಮ ಹುಡುಗ ಇದನ್ನೆಲ್ಲಾ ತಂದಿದ್ದು ಅಜ್ಜಿಗೆ ಮಾತು ಚಲೋ ಕೇಳಲಿ ಅಂತ. ಹಿಂದಿನ ಸ್ಪೀಕರ್ ಎಷ್ಟು ಹಚ್ಚಿದ್ರೂ ಮಾತು ಕೇಳೂದಿಲ್ಲ. ಅಲ್ಲಿಂದ ಬರೂದು ಮಳಿ, ಗಾಳಿ, ಜನರ ಗದ್ದಲ. 'ಕಾಂತಾರ' ಹಾಕಿದಾಗ ಆ ಕೂಗು ಬೆನ್ನ ಹಿಂದಿಂದ ಬಂದು ನನ್ನ ಮೈ ಜುಂ ಅಂದಿದ್ದು ಅದರಿಂದ. ಮಾತು ಬರೂದು ಹೆಚ್ಚಾಗಿ ಟಿವಿ ಕೆಳಗಿನ ನಡಕಿನ ಡಬ್ಬಿಯಿಂದ. ನಾವು ಅದನ್ನ ಶೋಕೇಸಿನೊಳಗ, ಗೊಂಬಿ ಹಿಂದ ತುರಕಿದ್ವಿ! ಹೊರಗ ತಗದು, ಹಲಗಿ ತುದಿಗೆ ತಂದು, ಮಾರಿ ಚೂರು ಮ್ಯಾಲ ಮಾಡಿ ಇಟ್ಟೆ. ಆವತ್ತು ಅತ್ತಿ "ಸೌಂಡ್ ಕಡಿಮಿ ಮಾಡ" ಅಂದ್ರು. ವಯಸ್ಸಾದವರ ಸಲುವಾಗಿ ಸೆಟ್ ತರೂದಿದ್ರ ಮೊದಲ ನಡಕಿನ ಡಬ್ಬಿ ನೆಟ್ಟಗ ಇಡ್ರಿ. ಮತ್ತ ವಾಯರಿನ ಕೆಂಪು ಕೆಂಪಿಗೆ, ಕರೀದು ಕರೀದಕ್ಕ ಹಚ್ಯಾರಿಲ್ಲೋ ನೋಡ್ರಿ. ಒಂದು ಡಬ್ಬಿಗೆ ಅದಲಿ ಬದಲಿ ಆದ್ರೂ ಸಪ್ಪಳ ಪೊಳ್ಳಾಗತೈತಿ.

ಅತ್ತಿಯವರಿಗೆ ಧ್ವನಿ ಅಂದ್ರ ಏನು ಅಂತ ನಾವು ಕಲಿಸೂದು ಬೇಕಾಗಿಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಶುರುವಾತು, ಅವರು ಅದರ ಜೋಡಿ ಬೆಳದವರು. ಅವರ ತವರ ಮನ್ಯಾಗ ರೇಡಿಯೋ ಗೋಡಿ ಹಲಗಿ ಮ್ಯಾಲ ಎತ್ತರಕ್ಕ ಇರತಿತ್ತಂತ, ಹುಡುಗರ ಕೈಗೆ ಸಿಗಬಾರದಂತ. ಮನ್ಸೂರರ ಹಾಡು ಬಂದ್ರ ಎಲ್ಲಾರೂ ಅದರ ಕೆಳಗ ಬಂದು ಕುಂದರತಿದ್ರು. "ಅದು ಎಂದೂ ಬೀಳಲಿಲ್ಲ ನೋಡು" ಅಂತಾರ. ಹಲಗಿ ಮಾಡಿದವರು ಅವರಪ್ಪ.

ಅದಕ್ಕ ನಾ ಅನ್ನೂದು, ಇದು ಗಂಡಸರ ಕೆಲಸ, ಅಂಗಡಿಯವರ ಕೆಲಸ ಅಂತ ಬಿಡಬ್ಯಾಡ್ರಿ. ಡ್ರಿಲ್ ಬೇಕಾದ್ರ ಅವರು ಹಿಡೀಲಿ. ಆದ್ರ ಯಾರು ಎಲ್ಲೆ ಮಲಗತಾರ, ಕೂಸು ಎಲ್ಲೆ ಆಡತೈತಿ, ಮಳಿಗಾಲದಾಗ ಯಾವ ಮೂಲಿ ಜಿನಗತೈತಿ ಅನ್ನೂದು ಮನ್ಯಾಗ ಇರೂ ನಮಗ ಗೊತ್ತು. ಹಚ್ಚಾಕ ಬಂದವನಿಗೆ ಅದು ಗೊತ್ತಿರೂದಿಲ್ಲ, ಅವನ ಪೂರ್ತಿ ತಪ್ಪೂ ಅಲ್ಲ. ನಾ ಆವತ್ತು ಚಾ ಮಾಡಾಕ ಒಳಗ ಹೋಗಿದ್ದೆ. ಮಂಚದ ಮ್ಯಾಲ ತೂತು ಹಾಕೂ ಮುಂದ "ಅಲ್ಲೆ ಬ್ಯಾಡಪ್ಪಾ, ಅತ್ತಿ ಮಲಗತಾರ" ಅಂತ ಒಂದು ಮಾತು ನಾ ಅನ್ನಲಿಲ್ಲ. ಆ ತಪ್ಪು ನಂದು. ಈಗ ಎರಡು ಕಟ್ಟು ಇದ್ರೂ ಅವರ ಮಂಚಾನ ಸರಿಸೀವಿ, ಅದರ ಮ್ಯಾಲ ಬರೇ ಛತ್ತ ಐತಿ.

ಪಂಚಮಿಗೆ ಎರಡು ದಿನಾ ಇರೂ ಮುಂದ ಅತ್ತಿಯವರು ತಾವಾಗೇ ಬಂದು ಕೆಳಗ ನಿಂತು ನೋಡಿದ್ರು. ಕೋಲು ಎತ್ತಿ ನೆಲುವಿಗೆ ಎರಡು ಸಲ ಬಡದ್ರು. ತಂತಿಗೆ ಕೋಲಿನ ಕೊಕ್ಕಿ ಹಾಕಿ ಜಗ್ಗಿದ್ರು. ಏನೂ ಅನ್ನಲಿಲ್ಲ. ಆವತ್ತು ರಾತ್ರಿ ಹಾಸಗಿ ಅಡಗಿ ಮನಿಯಿಂದ ಹೊರಗ ಬಂತು.

ಈ ವರ್ಷ ಪಂಚಮಿಗೆ ಜೋಕಾಲಿ ಹಗ್ಗ ನೋಡೂ ದಿನಾನ ನಿಚ್ಚಣಿಕಿ ಹಾಕಿ ಏರಿ, ಐದು ನಟ್ಟು, ಎರಡು ಪಿನ್ನು, ಎರಡು ತಂತಿ ಕೈಲೆ ಮುಟ್ಟಿ ನೋಡಿದೆ. ಒಂದು ನಟ್ಟು ಅರ್ಧಾ ಸುತ್ತು ಸಡಲಾಗಿತ್ತು, ಬಿಗಿ ಮಾಡಿದೆ. ನಿಮ್ಮ ಮನ್ಯಾಗೂ ತಲಿ ಮ್ಯಾಲ ಏನರ ತೂಗತಿದ್ರ ಉಂಡಿ ಕಟ್ಟೂಕಿಂತ ಮೊದಲ ಒಮ್ಮೆ ಏರಿ ಮುಟ್ಟಿ ನೋಡ್ರಿ.